ಕಿತ್ತ ತಿಂಗಳು ಯಾವುದು? ಜೆರುಸಲೇಮ್ ಆರ್ಟಿಚೋಕ್ ಗೆಡ್ಡೆಯ ವಿಜ್ಞಾನ ಮತ್ತು ಬಳಕೆ



ಸಸ್ಯವಿಜ್ಞಾನದ ಒಂದು ವಿಷಯವನ್ನು ಎತ್ತಿಕೊಂಡು ವಿದ್ಯಾರ್ಥಿಗಳಿಗೂ ರೈತರಿಗೂ ತಿಳಿಯುವ ಕನ್ನಡದಲ್ಲಿ ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡಿರುವುದು ನಮ್ಮ ಸಂತೆಗಳಲ್ಲಿ ಕಾಣಸಿಗದ ಒಂದು ಗೆಡ್ಡೆಯನ್ನು. ಅದು ನಮ್ಮ ಬೆಳೆಯಲ್ಲ. ಆದರೆ ಅದರೊಳಗಿನ ಇನ್ಯುಲಿನ್ ಎಂಬ ವಸ್ತು ಇಂದು ಔಷಧದ ಅಂಗಡಿಯ ಡಬ್ಬಿಯಲ್ಲಿದೆ, ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಣ್ಣಕ್ಷರದಲ್ಲಿದೆ. ಸಕ್ಕರೆ ಕಾಯಿಲೆಯವರು ಅದರ ಬಗ್ಗೆ ಕೇಳುತ್ತಾರೆ. ಹೊಸ ಬೆಳೆ ಹುಡುಕುವ ಯುವ ರೈತರೂ ಕೇಳುತ್ತಾರೆ. ಈ ಎಲ್ಲ ಪ್ರಶ್ನೆಗಳ ಬೆನ್ನಿಗೇ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಗೆಡ್ಡೆಯನ್ನು ಕಿತ್ತದ್ದು ಯಾವ ತಿಂಗಳಲ್ಲಿ? ಅದು ಏಕೆ ಇಷ್ಟು ಮುಖ್ಯ ಎಂಬುದನ್ನು ತಿಳಿಸುವುದಕ್ಕಾಗಿಯೇ ನಾನಿಂದು ನಿಮ್ಮ ಮುಂದೆ ನಿಂತಿದ್ದೇನೆ.

ಈ ಗಿಡವನ್ನು ದೂರದಿಂದ ಕಂಡವರು ಸೂರ್ಯಕಾಂತಿ ಎಂದೇ ತಿಳಿಯುತ್ತಾರೆ. ಆಳೆತ್ತರ ಮೀರಿ, ಕೆಲವೊಮ್ಮೆ ಮೂರು ಮೀಟರ್‌ವರೆಗೂ ಬೆಳೆಯುವ ಒರಟು ಕಾಂಡ, ಮುಟ್ಟಿದರೆ ತರಿತರಿ ಎನ್ನುವ ಎಲೆ, ಕವಲುಗಳ ತುದಿಯಲ್ಲಿ ಅಂಗೈಯಷ್ಟಗಲದ ಹಳದಿ ಹೂ. ಬುಡದ ಮಣ್ಣು ಬಿಡಿಸಿದರೆ ಬಿಳಿಯ ಭೂಗತ ಕಾಂಡಗಳ ತುದಿಯಲ್ಲಿ ಗಂಟುಗಂಟಾದ ಗೆಡ್ಡೆಗಳು ಸಿಗುತ್ತವೆ. ತಳಿಗೆ ತಕ್ಕಂತೆ ಕೆಲವು ಕಂದು, ಕೆಲವು ಕೆನ್ನೇರಳೆ. ಆಲೂಗಡ್ಡೆಯಂತೆ ಇದೂ ಕಾಂಡವೇ ಹೊರತು ಬೇರಲ್ಲ. ಮೈಮೇಲಿನ ಉಬ್ಬುಗಳಲ್ಲಿ ಚಿಗುರುವ ಕಣ್ಣುಗಳಿವೆ. ಆದರೆ ಆಲೂಗಡ್ಡೆಯ ಗಟ್ಟಿ ಸಿಪ್ಪೆಯ ರಕ್ಷಣೆ ಇದಕ್ಕಿಲ್ಲ. ಒಣಗಾಳಿಯಲ್ಲಿ ಬಿಟ್ಟರೆ ಬಹುಬೇಗ ನೀರು ಕಳೆದುಕೊಂಡು ಸುಕ್ಕುಗಟ್ಟುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ಹೀಲಿಯಾಂಥಸ್ ಟ್ಯೂಬರೋಸಸ್ ಎನ್ನುತ್ತಾರೆ; ರೂಢಿಯ ಹೆಸರು ಜೆರುಸಲೇಮ್ ಆರ್ಟಿಚೋಕ್. ಜೆರುಸಲೇಮ್ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ, ಆರ್ಟಿಚೋಕ್ ಎಂಬ ತರಕಾರಿ ಬೇರೆಯದೇ ಗಿಡ. ಹೆಸರಿನ ಕಥೆಯನ್ನು ಅಷ್ಟಕ್ಕೇ ಬಿಡೋಣ.

ಇದರ ತವರು ಉತ್ತರ ಅಮೆರಿಕ. 1605ರಲ್ಲಿ ಫ್ರೆಂಚ್ ನಾವಿಕ ಸಾಮ್ಯುಯೆಲ್ ದ ಶಾಂಪ್ಲೇನ್ ಕೇಪ್ ಕಾಡ್ ಕರಾವಳಿಯಲ್ಲಿ ಇಳಿದಾಗ ಅಲ್ಲಿನ ಮೂಲನಿವಾಸಿಗಳ ಹೊಲಗಳಲ್ಲಿ ಈ ಗೆಡ್ಡೆಯನ್ನು ಕಂಡ. ಕೆಲವೇ ವರ್ಷಗಳಲ್ಲಿ ಅದು ಫ್ರಾನ್ಸಿಗೆ ಬಂತು, ಅಲ್ಲಿಂದ ಯುರೋಪಿನ ತೋಟಗಳಿಗೆಲ್ಲ ಹಬ್ಬಿತು. ಎಲ್ಲಿಂದ ಬಂತೆಂಬುದು ಮಾತ್ರ ಬೇಗ ಮರೆತುಹೋಯಿತು. ಸಸ್ಯಶಾಸ್ತ್ರಜ್ಞ ಲಿನೇಯಸ್‌ನಂಥ ಲಿನೇಯಸ್ಸನೇ ಇದರ ಮೂಲ ಬ್ರೆಜಿಲ್ ಎಂದು ಬರೆದಿಟ್ಟ. ಹಳೆಯ ದಾಖಲೆಗಳನ್ನು ಸಾಲುಸಾಲಾಗಿ ಓದಿ, ಗಿಡದ ತವರನ್ನು ಉತ್ತರ ಅಮೆರಿಕಕ್ಕೆ ಮರಳಿಸಿದ್ದು 1877ರಲ್ಲಿ ಟ್ರಂಬುಲ್ ಮತ್ತು ಏಸಾ ಗ್ರೇ ಪ್ರಕಟಿಸಿದ ಲೇಖನ. ವಂಶದ ಪ್ರಶ್ನೆ ಬಗೆಹರಿಯಲು ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಹೊಲದ ಸೂರ್ಯಕಾಂತಿಯ ಜೀವಕೋಶದಲ್ಲಿ 34 ವರ್ಣತಂತುಗಳಿದ್ದರೆ ಇದರಲ್ಲಿ 102 ಇವೆ, ಅಂದರೆ ಸರಿಯಾಗಿ ಮೂರುಪಟ್ಟು. ಇಷ್ಟೊಂದು ಎಲ್ಲಿಂದ ಬಂದವು? 2014ರಲ್ಲಿ ಬಾಕ್, ರೀಸ್‌ಬರ್ಗ್ ಮತ್ತು ಸಂಗಡಿಗರು ಡಿಎನ್ಎ ಓದಿ ಉತ್ತರ ಕೊಟ್ಟರು: 68 ವರ್ಣತಂತುಗಳ ಒಂದು ಕಾಡು ಸೂರ್ಯಕಾಂತಿ, 34 ವರ್ಣತಂತುಗಳ ಇನ್ನೊಂದು ಕಾಡು ಸೂರ್ಯಕಾಂತಿ, ಈ ಎರಡರ ಕೂಡಿಕೆಯಿಂದ ಹುಟ್ಟಿದ ಗಿಡ ಇದು. ಆ ಎರಡು ಪೂರ್ವಜರಲ್ಲೂ ಇಂಥ ದಪ್ಪ ಗೆಡ್ಡೆಗಳಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಈಗ ಗೆಡ್ಡೆಯನ್ನೇ ಕೊಯ್ದು ನೋಡೋಣ. ಆಲೂಗಡ್ಡೆಯ ಹೋಳಿನ ಮೇಲೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿಯಾಗುತ್ತದೆ; ಅದು ಪಿಷ್ಟದ ಗುರುತು. ಈ ಗೆಡ್ಡೆಯ ಹೋಳಿನ ಮೇಲೆ ಹಾಕಿದರೆ ಅಯೋಡಿನ್ನಿನ ಹಳದಿ-ಕಂದು ಬಣ್ಣ ಹಾಗೇ ಉಳಿಯುತ್ತದೆ. ಇಲ್ಲಿರುವುದು ಪಿಷ್ಟವಲ್ಲ, ಇನ್ಯುಲಿನ್. 1804ರಲ್ಲಿ ವ್ಯಾಲೆಂಟಿನ್ ರೋಸ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಮೊದಲು ಪ್ರತ್ಯೇಕಿಸಿದ್ದು ಎಲಿಕ್ಯಾಂಪೇನ್ ಎಂಬ ಇನ್ನೊಂದು ಗಿಡದ ಬೇರಿನಿಂದ. ಇಲ್ಲಿ ಕುಳಿತಿರುವ ಸಸ್ಯಶಾಸ್ತ್ರದ ಹಳೆಯ ವಿದ್ಯಾರ್ಥಿಗಳಿಗೆ ಇನ್ಯುಲಿನ್ ಹೊಸದೇನಲ್ಲ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಆಲ್ಕೋಹಾಲಿನಲ್ಲಿ ನೆನೆಸಿಟ್ಟ ಡೇಲಿಯಾ ಗೆಡ್ಡೆಯಿಂದ ತೆಳುವಾದ ಹೋಳು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಕೋಶದ ಗೋಡೆಗೆ ಅಂಟಿಕೊಂಡು, ನಡುವಿನಿಂದ ಕಿರಣಗಳು ಹೊರಟ ದುಂಡು ಹರಳುಗಳು ಕಂಡಿದ್ದು ನೆನಪಿರಬೇಕು. ಅದೇ ಇದು. ಜೀವಂತ ಗೆಡ್ಡೆಯಲ್ಲಿ ಆ ಹರಳುಗಳಿರುವುದಿಲ್ಲ. ಇನ್ಯುಲಿನ್ ಕೋಶದ ರಸದಾನಿಯಲ್ಲಿ ಕರಗಿದ ಸ್ಥಿತಿಯಲ್ಲೇ ಇರುತ್ತದೆ. ಆಲ್ಕೋಹಾಲು ಅದನ್ನು ಹರಳಾಗಿಸಿ ನಮ್ಮ ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ಇನ್ಯುಲಿನ್ ಎಂದರೆ ಫ್ರಕ್ಟೋಸ್ ಮಣಿಗಳನ್ನು ಪೋಣಿಸಿದ ಸರ. ಒಂದು ತುದಿಯಲ್ಲಿ ಒಂದೇ ಒಂದು ಗ್ಲೂಕೋಸ್ ಮಣಿ. ಸರದ ಉದ್ದ ಒಂದೇ ಸಮನಾಗಿರುವುದಿಲ್ಲ: ಎರಡು ಮೂರು ಮಣಿಯ ತುಣುಕೂ ಉಂಟು, ಐವತ್ತನ್ನು ದಾಟಿದ್ದೂ ಉಂಟು. ಗಿಡ ಅದನ್ನು ಕಟ್ಟುವ ಬಗೆಯನ್ನು 1968ರಲ್ಲಿ ಎಡೆಲ್ಮನ್ ಮತ್ತು ಜೆಫರ್ಡ್ ಎಂಬ ಇಬ್ಬರು ಸಂಶೋಧಕರು ಇದೇ ಗೆಡ್ಡೆಯನ್ನು ಮುಂದಿಟ್ಟುಕೊಂಡು ವಿವರಿಸಿದರು. ಎಲೆಯಿಂದ ಇಳಿದು ಬಂದ ಸುಕ್ರೋಸ್ ಎಂಬ ಮಾಮೂಲಿ ಸಕ್ಕರೆಯ ಎರಡು ಅಣುಗಳನ್ನು ತೆಗೆದುಕೊಂಡು, ಒಂದರ ಫ್ರಕ್ಟೋಸನ್ನು ಇನ್ನೊಂದಕ್ಕೆ ಜೋಡಿಸುವ ಕಿಣ್ವ ಒಂದು. ಹೀಗೆ ಆರಂಭವಾದ ಸರಗಳ ನಡುವೆ ಫ್ರಕ್ಟೋಸನ್ನು ಅದಲುಬದಲು ಮಾಡುತ್ತ ಉದ್ದವಾಗಿಸುವ ಕಿಣ್ವ ಇನ್ನೊಂದು. ಮೂರನೆಯ ಕಿಣ್ವದ ಕೆಲಸ ತದ್ವಿರುದ್ಧ: ಸರದ ತುದಿಯಿಂದ ಒಂದೊಂದೇ ಫ್ರಕ್ಟೋಸನ್ನು ಕಳಚುವುದು. ಬೇಸಿಗೆ ಕಳೆದು ಶರತ್ಕಾಲ ಬಂದಾಗ ಮೊದಲಿನ ಎರಡು ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ, ಗೆಡ್ಡೆ ತುಂಬುತ್ತದೆ. ಚಳಿ ಬಿದ್ದು ಗೆಡ್ಡೆ ಸುಪ್ತಾವಸ್ಥೆಗೆ ಜಾರಿದ ಮೇಲೆ ಮೂರನೆಯದರ ಸರದಿ. ಉದ್ದ ಸರಗಳು ತುಂಡಾಗುತ್ತ ಹೋಗುತ್ತವೆ, ಸಣ್ಣ ಸಕ್ಕರೆಗಳು ಹೆಚ್ಚುತ್ತವೆ, ವಸಂತದಲ್ಲಿ ಮೊಳಕೆ ಒಡೆಯಲು ಬೇಕಾದ ಆಹಾರ ಸಿದ್ಧವಾಗುತ್ತದೆ. ಹಿಮ ಬಿದ್ದ ಮೇಲೆ ಕಿತ್ತ ಗೆಡ್ಡೆ ಹೆಚ್ಚು ಸಿಹಿ ಎಂದು ಯುರೋಪಿನ ತೋಟಗಾರರು ಬಹುಕಾಲದಿಂದ ಹೇಳುತ್ತ ಬಂದದ್ದಕ್ಕೆ ಕಾರಣ ಇದೇ.

ಅಂದಮೇಲೆ ಅಕ್ಟೋಬರಿನಲ್ಲಿ ಕಿತ್ತ ಗೆಡ್ಡೆಯೂ ಮಾರ್ಚಿನಲ್ಲಿ ಕಿತ್ತ ಗೆಡ್ಡೆಯೂ ರಸಾಯನಶಾಸ್ತ್ರದ ಕಣ್ಣಿಗೆ ಎರಡು ಬೇರೆ ಪದಾರ್ಥಗಳು. ಒಂದೇ ಗಿಡ, ಒಂದೇ ಹೊಲ, ಒಂದೇ ತೂಕ ಇರಬಹುದು. ಆದರೂ ಮೊದಲಿನದರಲ್ಲಿ ಉದ್ದನೆಯ ಇನ್ಯುಲಿನ್ ಹೆಚ್ಚು, ಎರಡನೆಯದರಲ್ಲಿ ಚಿಕ್ಕ ತುಣುಕುಗಳೂ ಸುಕ್ರೋಸೂ ಫ್ರಕ್ಟೋಸೂ ಹೆಚ್ಚು. ಕಿತ್ತು ಶೀತಲಗೃಹದಲ್ಲಿಟ್ಟರೂ ಇದೇ ಬದಲಾವಣೆ ನಡೆಯುತ್ತದೆ. ಇಂತಿಷ್ಟು ಶೇಕಡಾ ಇನ್ಯುಲಿನ್ ಇದೆ ಎಂದು ಯಾರಾದರೂ ಅಂಕಿ ಹೇಳಿದರೆ, ಕಿತ್ತ ತಿಂಗಳನ್ನೂ ಇಟ್ಟ ಉಷ್ಣತೆಯನ್ನೂ ಹೇಳದ ಆ ಅಂಕಿಗೆ ಅರ್ಥವಿಲ್ಲ.

ಇನ್ಯುಲಿನ್ ಮೊದಲು ವೈದ್ಯರ ಕೈಗೆ ಬಂದದ್ದು ಆಹಾರವಾಗಿ ಅಲ್ಲ, ಅಳತೆಗೋಲಾಗಿ. ಮೂತ್ರಪಿಂಡ ರಕ್ತವನ್ನು ಎಷ್ಟು ವೇಗವಾಗಿ ಸೋಸುತ್ತಿದೆ ಎಂದು ಅಳೆಯಲು 1930ರ ದಶಕದಲ್ಲಿ ಅಮೆರಿಕದ ಎ.ಎನ್. ರಿಚರ್ಡ್ಸ್ ಮತ್ತು ಹೋಮರ್ ಸ್ಮಿತ್ ಅವರ ತಂಡಗಳು ಒಂದು ವಸ್ತುವನ್ನು ಹುಡುಕುತ್ತಿದ್ದವು. ಅದು ಸೋಸುಗಂಡಿಯಲ್ಲಿ ಸಲೀಸಾಗಿ ಹಾದುಹೋಗಬೇಕು, ಮುಂದೆ ನಾಳದಲ್ಲಿ ರಕ್ತಕ್ಕೆ ಮರಳಬಾರದು, ನಾಳ ತಾನಾಗಿ ಅದನ್ನು ಮೂತ್ರಕ್ಕೆ ಸುರಿಯಲೂಬಾರದು, ದೇಹದೊಳಗೆ ಕರಗಿಹೋಗಲೂಬಾರದು. ಇಷ್ಟೂ ಷರತ್ತುಗಳಿಗೆ ಹೊಂದಿದ್ದು ರಕ್ತನಾಳಕ್ಕೆ ಕೊಟ್ಟ ಇನ್ಯುಲಿನ್. ಆರೋಗ್ಯವಂತ ವಯಸ್ಕರ ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಸೋಸುತ್ತವೆ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವ ಅಂಕಿಯ ಹಿಂದೆ ಈ ಅಳತೆ ಇದೆ. ನಮ್ಮ ದೇಹಕ್ಕೆ ಇನ್ಯುಲಿನ್ನನ್ನು ಒಡೆಯುವ ಕಿಣ್ವವೇ ಇಲ್ಲದಿರುವುದು ಇಲ್ಲಿ ಉಪಕಾರವಾಯಿತು.

ಬಾಯಿಯಿಂದ ತಿಂದಾಗಲೂ ಅದೇ ಕಾರಣ ಕೆಲಸ ಮಾಡುತ್ತದೆ. ಫ್ರಕ್ಟೋಸ್‌ಗಳ ನಡುವಿನ ಆ ಕೊಂಡಿಯನ್ನು ನಮ್ಮ ಜಠರವಾಗಲಿ ಸಣ್ಣ ಕರುಳಾಗಲಿ ಕತ್ತರಿಸಲಾರದು. ಇನ್ಯುಲಿನ್ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು, ಅದರಲ್ಲೂ ಬೈಫಿಡೋಬ್ಯಾಕ್ಟೀರಿಯಾಗಳು, ಅದನ್ನು ಹುದುಗಿಸಿ ಅಸಿಟಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳನ್ನು ಹುಟ್ಟಿಸುತ್ತವೆ. 1995ರಲ್ಲಿ ಗಿಬ್ಸನ್ ಮತ್ತು ರೋಬರ್‌ಫ್ರಾಯ್ಡ್ ಇಂಥ ಆಹಾರಾಂಶಗಳಿಗೆ ಪ್ರಿಬಯಾಟಿಕ್ ಎಂದು ಹೆಸರಿಟ್ಟರು, ಆ ಮೇಲೆ ಈ ಕ್ಷೇತ್ರಕ್ಕೆ ಎಣಿಸಲಾರದಷ್ಟು ಸಂಶೋಧನೆ ಹರಿದುಬಂತು. ಹಾಗೆಂದು ಗಟ್ಟಿಯಾಗಿ ನಿಂತಿರುವ ಮಾತುಗಳು ಹೆಚ್ಚಿಲ್ಲ. ಚಿಕೋರಿ ಬೇರಿನ ಇನ್ಯುಲಿನ್ನನ್ನು ದಿನಕ್ಕೆ 12 ಗ್ರಾಂ ತೆಗೆದುಕೊಂಡರೆ ಮಲವಿಸರ್ಜನೆ ಸುಗಮವಾಗುತ್ತದೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2015ರಲ್ಲಿ ಒಪ್ಪಿತು. ಸಕ್ಕರೆಯ ಜಾಗದಲ್ಲಿ ಇಂಥ ಜೀರ್ಣವಾಗದ ಶರ್ಕರವನ್ನು ಬಳಸಿದರೆ ಊಟದ ನಂತರ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ ಎಂಬುದೂ ಸ್ಥಿರಪಟ್ಟ ಮಾತು. ಇಲ್ಲಿ ‘ಸಕ್ಕರೆಯ ಜಾಗದಲ್ಲಿ’ ಎಂಬ ಭಾಗವನ್ನು ದಯವಿಟ್ಟು ಬಿಡಬೇಡಿ. ಎಂದಿನಂತೆ ಸಿಹಿ ತಿಂದು ಮೇಲೊಂದು ಚಮಚ ಪುಡಿ ಸೇವಿಸಿದರೆ ಸಿಗುವ ಫಲವಲ್ಲ ಅದು.

ಮಧುಮೇಹ ಇರುವವರಿಗೆ ಒಂದು ಮಾತನ್ನು ಕಳಕಳಿಯಿಂದ ಹೇಳಬೇಕು. ಇನ್ಯುಲಿನ್ ಬೇರೆ, ಇನ್ಸುಲಿನ್ ಬೇರೆ. ಒಂದು ಗೆಡ್ಡೆಯ ನಾರು, ಇನ್ನೊಂದು ಮೇದೋಜೀರಕ ಗ್ರಂಥಿಯ ಹಾರ್ಮೋನು. ಹೆಸರು ಹತ್ತಿರವಿದೆ ಎಂದು ವೈದ್ಯರು ಬರೆದುಕೊಟ್ಟ ಚುಚ್ಚುಮದ್ದನ್ನೋ ಮಾತ್ರೆಯನ್ನೋ ಬಿಟ್ಟು ಈ ಪುಡಿಯನ್ನು ನಂಬಿದರೆ ಅಪಾಯ ಪ್ರಾಣಕ್ಕೇ ತಟ್ಟಬಹುದು. ಇನ್ನು ಗೆಡ್ಡೆಯನ್ನೇ ತಿನ್ನುವುದಾದರೆ, ಬಹಳ ದಿನ ಚಳಿಯಲ್ಲಿಟ್ಟ ಗೆಡ್ಡೆಯಲ್ಲಿ ಇನ್ಯುಲಿನ್ನಿನ ಒಂದು ಪಾಲು ಆಗಲೇ ಸಾಮಾನ್ಯ ಸಕ್ಕರೆಯಾಗಿ ಒಡೆದಿರುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬುವುದಂತೂ ಹಳೆಯ ದೂರು. ಇಂಗ್ಲೆಂಡಿನ ಸಸ್ಯಜ್ಞ ಜಾನ್ ಗುಡಿಯರ್ 1621ರಷ್ಟು ಹಿಂದೆಯೇ ಅದನ್ನು ಬಿಡಿಸಿ ಬರೆದಿದ್ದಾನೆ. ದೊಡ್ಡ ಕರುಳಿನ ಹುದುಗುವಿಕೆ ಅನಿಲವನ್ನೂ ಹುಟ್ಟಿಸುತ್ತದೆ. ಕರುಳು ಸೂಕ್ಷ್ಮವಾಗಿರುವವರಿಗೆ ಸ್ವಲ್ಪವೇ ಸಾಕು ನೋವು ಬರಲು.

ನಮ್ಮ ಮನೆಗಳಿಗೆ ಇನ್ಯುಲಿನ್ ಹೊಸದಾಗಿ ಬಂದದ್ದೂ ಅಲ್ಲ. ಕಾಫಿಪುಡಿಗೆ ಬೆರೆಸುವ ಚಿಕೋರಿ ಇದೇ ಸೂರ್ಯಕಾಂತಿ ಕುಟುಂಬದ ಗಿಡ, ಅದರ ಬೇರಿನ ತುಂಬ ಇನ್ಯುಲಿನ್. ಹುರಿದಾಗ ಅದು ಒಡೆದು ಕಂದಾಗಿ ಡಿಕಾಕ್ಷನ್ನಿಗೆ ಬಣ್ಣವನ್ನೂ ಕಹಿಸಿಹಿಯನ್ನೂ ಕೊಡುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳಲ್ಲೂ ಇದೇ ಜಾತಿಯ ಫ್ರಕ್ಟೋಸ್ ಸರಗಳಿವೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಸರದ ಚಿಕ್ಕ ತುಣುಕುಗಳನ್ನು ಗೆಡ್ಡೆಯ ಹಂಗಿಲ್ಲದೆ, ಕಬ್ಬಿನ ಸಕ್ಕರೆಯಿಂದಲೇ ತಯಾರಿಸುವ ಹಾದಿಯಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಆಸ್ಪರ್ಜಿಲಸ್ ಒರೈಝೆ ಎಂಬ ಶಿಲೀಂಧ್ರದ ಕಿಣ್ವ ಸುಕ್ರೋಸ್‌ಗೆ ಫ್ರಕ್ಟೋಸನ್ನು ಜೋಡಿಸಿಕೊಡುತ್ತದೆ. ಗೆಡ್ಡೆಯೊಳಗಿನ ಮೊದಲ ಕಿಣ್ವ ಮಾಡುವುದನ್ನೇ ಅದು ಪಾತ್ರೆಯಲ್ಲಿ ಮಾಡುತ್ತದೆ. ಕಬ್ಬು ಬೆಳೆಯುವ ನಾಡಿಗೆ ಇದು ಹತ್ತಿರದ ದಾರಿ. ಹಾಲೆಂಡಿನವರು ಇನ್ನೂ ಮುಂದೆ ಹೋದರು. 1998ರಲ್ಲಿ ಅವರು ಈ ಗೆಡ್ಡೆಯ ಆ ಮೊದಲ ಕಿಣ್ವದ ಜೀನನ್ನು ಸಕ್ಕರೆ ಬೀಟಿಗೆ ಸೇರಿಸಿದಾಗ ಬೀಟಿನ ಸುಕ್ರೋಸ್ ಬಹುಪಾಲು ಚಿಕ್ಕ ಫ್ರಕ್ಟೋಸ್ ಸರಗಳಾಗಿ ಬದಲಾಯಿತು.

ಪ್ರಯೋಗಾಲಯದ ಮೇಜಿನ ಮೇಲೆ ಈ ಗೆಡ್ಡೆ ಮಾಡಿದ ಉಪಕಾರ ಹೊರಜಗತ್ತಿಗೆ ಅಷ್ಟಾಗಿ ತಿಳಿದಿಲ್ಲ. ಹೋಳು ಮಾಡಿ ನೀರಿನಲ್ಲಿ ಒಂದೆರಡು ದಿನ ಗಾಳಿಯಾಡುವಂತೆ ಇಟ್ಟರೆ, ಗಾಯಗೊಂಡ ಜೀವಕೋಶಗಳು ಎಚ್ಚೆತ್ತು ಹೊಸ ಕಿಣ್ವಗಳನ್ನು ರಾಶಿಯಾಗಿ ಹುಟ್ಟಿಸುತ್ತವೆ. ಆ ರಾಶಿಯಿಂದಲೇ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು ಸಿನಮಿಕ್ ಆಮ್ಲವನ್ನು ಬದಲಿಸುವ ಒಂದು ಮುಖ್ಯ ಕಿಣ್ವದ ಜೀನನ್ನು 1993ರಲ್ಲಿ ಹೊರತೆಗೆದು ಓದಿದರು. ಮರ ಗಟ್ಟಿಯಾಗಲು ಬೇಕಾದ ಲಿಗ್ನಿನ್, ಹೂವಿನ ಬಣ್ಣ, ಗಿಡದ ರಕ್ಷಣಾ ರಸಾಯನಗಳು ಎಲ್ಲವೂ ಹಾದುಬರುವ ದಾರಿಯಲ್ಲಿ ಕೆಲಸ ಮಾಡುವ ಕಿಣ್ವ ಅದು. ಸುಪ್ತಾವಸ್ಥೆಯ ಗೆಡ್ಡೆಯ ಕೋಶಗಳೆಲ್ಲ ಒಂದೇ ಹಂತದಲ್ಲಿ ನಿದ್ರಿಸುವುದರಿಂದ, ಕೋಶವಿಭಜನೆಯನ್ನು ಒಟ್ಟಿಗೆ ಆರಂಭಿಸಿ ಗಮನಿಸಲೂ ಇದನ್ನು ಬಳಸಿದರು. ಇಟಲಿಯ ಬೊಲೋನ್ಯದಲ್ಲಿ ನೆಲ್ಲೊ ಬಾನ್ಯಿ 1960ರ ದಶಕದಲ್ಲಿ ಪಾಲಿಅಮೀನ್ ಎಂಬ ವಸ್ತುಗಳು ಸಸ್ಯಕೋಶದ ಬೆಳವಣಿಗೆಗೆ ಬೇಕೆಂದು ತೋರಿಸಿದ್ದೂ ಈ ಗೆಡ್ಡೆಯ ಹೋಳುಗಳಲ್ಲೇ. ಯಾರಿಗೂ ಲಾಭದ ಭರವಸೆ ಕೊಡದೆ ನಡೆದ ಈ ಕೆಲಸಗಳು ಇಂದಿಗೂ ನಿಂತಿವೆ.

ಲಾಭದ ಭರವಸೆ ಕೊಟ್ಟಾಗ ಏನಾಯಿತೆಂಬುದನ್ನು ನಮ್ಮ ರೈತರು ವಿವರವಾಗಿ ತಿಳಿಯಬೇಕು. ಇನ್ಯುಲಿನ್ನನ್ನು ಒಡೆದು ಹುದುಗಿಸಿದರೆ ಮದ್ಯಸಾರ ಬರುತ್ತದೆ. ಕ್ಲುವೆರೊಮೈಸಿಸ್ ಮಾರ್ಕ್ಸಿಯಾನಸ್ ಎಂಬ ಯೀಸ್ಟ್‌ಗೆ ಇನ್ಯುಲಿನ್ನನ್ನು ತಾನೇ ಒಡೆಯುವ ಕಿಣ್ವವೂ ಇದೆ. ಇದು ನಿಜವಾದ ವಿಜ್ಞಾನ, ಇಂದಿಗೂ ನಡೆದಿರುವ ವಿಜ್ಞಾನ. 1970ರ ದಶಕದ ತೈಲ ಬಿಕ್ಕಟ್ಟಿನ ಬಿಸಿ ಆರಿರದ ದಿನಗಳಲ್ಲಿ, 1981ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಮಾರ್ಷಲ್ ಎಂಬ ಊರಿನಲ್ಲಿ ಅಮೆರಿಕನ್ ಎನರ್ಜಿ ಫಾರ್ಮಿಂಗ್ ಸಿಸ್ಟಮ್ಸ್ ಎಂಬ ಕಂಪನಿ ಹುಟ್ಟಿತು. ಈ ಗೆಡ್ಡೆ ಬೆಳೆಯಿರಿ, ಇಂಧನಕ್ಕೂ ಸಿಹಿಗೂ ಮೇವಿಗೂ ಇದೇ ನಾಳಿನ ಬೆಳೆ, ಕುಟುಂಬದ ಜಮೀನು ಉಳಿಯುವುದು ಇದರಿಂದಲೇ ಎಂದು ಸಭೆಗಳಲ್ಲಿ ಸಾರಲಾಯಿತು. ಬೆಳೆಬೆಲೆ ಕುಸಿದು ಸಾಲದಲ್ಲಿ ಸಿಕ್ಕಿದ್ದ ರೈತರು ಕಿವಿಗೊಟ್ಟರು. ಸುಮಾರು 2,500 ರೈತರು ಬಿತ್ತನೆ ಗೆಡ್ಡೆಗೆ ಒಟ್ಟು 2.5 ಕೋಟಿ ಡಾಲರ್‌ನಷ್ಟು ಹಣ ಸುರಿದರು. ಗೆಡ್ಡೆ ಬೆಳೆಯಿತು, ಆ ವಿಷಯದಲ್ಲಿ ಗಿಡ ಯಾರಿಗೂ ಮೋಸ ಮಾಡಲಿಲ್ಲ. ಆದರೆ ಅದನ್ನು ಕೊಂಡು ಅರೆಯುವ ಕಾರ್ಖಾನೆಯೇ ಇರಲಿಲ್ಲ. ಮೊದಲು ಬೆಳೆದವರ ಗೆಡ್ಡೆ ನಂತರ ಸೇರಿದವರಿಗೆ ಬಿತ್ತನೆಯಾಗಿ ಮಾರಾಟವಾಗುತ್ತಿತ್ತು, ಅಷ್ಟೇ. 1983ರಲ್ಲಿ ಕಂಪನಿ ದಿವಾಳಿಯಾಯಿತು, ನಡೆಸಿದವರ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಅದೇ ಊರಿನ ವಿಶ್ವವಿದ್ಯಾನಿಲಯದ ಇತಿಹಾಸಕಾರ ಜೋಸೆಫ್ ಅಮಾಟೊ 1993ರಲ್ಲಿ ಇಡೀ ಪ್ರಕರಣವನ್ನು ಪುಸ್ತಕವಾಗಿ ಬರೆದಿದ್ದಾರೆ. ಹೊಸ ಬೆಳೆಯ ಮಾತು ಎತ್ತುವವರಿಗೆ ಮೊದಲು ಕೇಳಬೇಕಾದದ್ದು ಎಕರೆಗೆ ಎಷ್ಟು ಇಳುವರಿ ಎಂದಲ್ಲ. ಬಿತ್ತನೆಯವರನ್ನು ಬಿಟ್ಟು ಇದನ್ನು ಕೊಳ್ಳುವವರು ಯಾರು ಎಂದು.

ಕರ್ನಾಟಕಕ್ಕೆ ಈ ಗಿಡದಿಂದ ದೊಡ್ಡ ಉಪಕಾರ ಆಗುವುದಿದ್ದರೆ ಅದು ಗೆಡ್ಡೆಯಿಂದಲ್ಲ, ಅದರ ರಕ್ತಸಂಬಂಧದಿಂದ ಎಂದು ನಾನು ನಂಬಿದ್ದೇನೆ. ಸೂರ್ಯಕಾಂತಿ ನಮ್ಮ ಉತ್ತರ ಜಿಲ್ಲೆಗಳ ಒಣಬೇಸಾಯದ ಬೆಳೆ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ 1980ರಲ್ಲಿ ಹೊರಬಂತು. ಹೈಬ್ರಿಡ್ ಬೀಜ ತಯಾರಿಸಲು ಬೇಕಾದ ಗಂಡುಬಂಜೆತನದ ಗುಣ ಸಿಕ್ಕಿದ್ದೂ ಒಂದು ಕಾಡು ಸೂರ್ಯಕಾಂತಿಯಿಂದಲೇ; ಫ್ರಾನ್ಸಿನ ಲೆಕ್ಲರ್ಕ್ 1969ರಲ್ಲಿ ಅದನ್ನು ಪ್ರಕಟಿಸಿದ್ದ. ಆ ನಂತರ ಕೇದಿಗೆ ರೋಗ, ಎಲೆಚುಕ್ಕೆ ರೋಗ ನಮ್ಮ ಹೊಲಗಳನ್ನು ಕಾಡಿದವು. ರಷ್ಯಾದ ಕ್ರಾಸ್ನೊದಾರ್‌ನಲ್ಲಿ ಗಲೀನಾ ಪುಸ್ತೊವೊಯ್ತ್ ನಮ್ಮ ಈ ಗೆಡ್ಡೆ ಗಿಡವನ್ನೇ ಸೂರ್ಯಕಾಂತಿಗೆ ಕೂಡಿಸಿ ಕೇದಿಗೆ, ತುಕ್ಕು ಮುಂತಾದ ಹಲವು ರೋಗಗಳನ್ನು ಒಟ್ಟಿಗೆ ತಡೆಯುವ ತಳಿಗಳನ್ನು ಬೆಳೆಸಿದರು. ಸುಲಭದ ಕೆಲಸವಲ್ಲ ಅದು. 102ರ ಅರ್ಧ 51, 34ರ ಅರ್ಧ 17, ಹುಟ್ಟುವ ಮಗುವಿಗೆ 68 ವರ್ಣತಂತು. ಅದನ್ನು ಪೀಳಿಗೆಯ ಮೇಲೆ ಪೀಳಿಗೆ ಸೂರ್ಯಕಾಂತಿಗೇ ಮರಳಿ ಕೂಡಿಸುತ್ತ 34ಕ್ಕೆ ಇಳಿಸಬೇಕು, ಬೇಕಾದ ಗುಣ ಮಾತ್ರ ಕೈತಪ್ಪದಂತೆ ನೋಡಿಕೊಳ್ಳಬೇಕು. ವರ್ಷಗಟ್ಟಲೆ ಸಹನೆ ಬೇಡುವ ಇಂಥ ಕೆಲಸಕ್ಕೆ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ಹಣವನ್ನೂ ಹುದ್ದೆಗಳನ್ನೂ ಉಳಿಸಿಕೊಡಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಕೊನೆಗೆ, ಗೆಡ್ಡೆಯನ್ನೇ ಇಲ್ಲಿ ಬೆಳೆಯಬಹುದೇ ಎಂಬ ಪ್ರಶ್ನೆ. ಚೀನಾದ ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾನಿಲಯದವರು ಕರಾವಳಿಯ ಉಪ್ಪು ನೆಲದಲ್ಲಿ ಇದನ್ನು ಬೆಳೆದು ತೋರಿಸಿದ್ದಾರೆ. ಅದನ್ನು ಓದಿದವರಿಗೆ ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿ ನೆನಪಾಗುವುದು ಸಹಜ. ಆದರೆ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಈ ಗಿಡ ಉದ್ದನೆಯ ಹಗಲಿನಲ್ಲಿ ಮೇಲೆ ಬೆಳೆದು, ಹಗಲು ಕುಗ್ಗಿದಾಗ ಕೆಳಗೆ ಗೆಡ್ಡೆ ಕಟ್ಟುವ ಗಿಡ. ಹಗಲಿನ ಉದ್ದವನ್ನು ಗ್ರಹಿಸುವುದು ನೆಲದ ಮೇಲಿನ ಭಾಗ, ಗೆಡ್ಡೆ ಊದುವುದು ನೆಲದ ಕೆಳಗೆ. ಈ ಸುದ್ದಿ ಸಾಗುವ ಬಗೆಯನ್ನು ಹ್ಯಾಮ್ನರ್ ಮತ್ತು ಲಾಂಗ್ 1939ರಲ್ಲೇ ಪರೀಕ್ಷಿಸಿದ್ದರು. ಪ್ಯಾರಿಸ್‌ನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ಮೀರುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಇಲ್ಲಿ ಗಿಡ ಮೈತುಂಬಿಕೊಳ್ಳುವ ಮೊದಲೇ ಗೆಡ್ಡೆಗೆ ಇಳಿಯುವ ಸಾಧ್ಯತೆ ಇದೆ. ಎರಡನೆಯದು ಚಳಿ. ಗೆಡ್ಡೆಯ ಸುಪ್ತಾವಸ್ಥೆ ಮುರಿಯಲು ವಾರಗಟ್ಟಲೆ ಶೀತ ಬೇಕು, ನಮ್ಮ ಬಯಲುಸೀಮೆಯ ನೆಲ ಅದನ್ನು ಕೊಡುವುದಿಲ್ಲ. ಬಿತ್ತನೆಗೆ ಶೀತಲಗೃಹ ಬೇಕಾಗುತ್ತದೆ. ಹೊಲದಲ್ಲಿ ಉಳಿದುಹೋದ ತುಂಡು ಗೆಡ್ಡೆ ಮತ್ತೆ ಚಿಗುರುವ ಗುಣದಿಂದ ಯುರೋಪಿನ ನದೀತೀರಗಳಲ್ಲಿ ಇದು ಕಳೆಯಾಗಿ ಹಬ್ಬಿರುವುದನ್ನೂ ಗಮನದಲ್ಲಿಡಬೇಕು. ಕಾಲುವೆಯ ಬದಿಯಲ್ಲಿ ಅಜಾಗರೂಕತೆಯಿಂದ ನೆಡುವ ಗಿಡವಲ್ಲ ಇದು.

ಇದನ್ನು ಇಲ್ಲಿ ಪ್ರಯೋಗಿಸಿ ನೋಡಬಯಸುವ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು. ಪ್ರತಿ ಮಡಿಗೂ ನೆಟ್ಟ ದಿನ, ಮೊದಲ ಗೆಡ್ಡೆ ಕಂಡ ದಿನ, ಕಿತ್ತ ದಿನ, ಇಟ್ಟ ಜಾಗದ ಉಷ್ಣತೆ ಬರೆದಿಡಿ. ಇನ್ಯುಲಿನ್ನಿನ ಒಟ್ಟು ಪ್ರಮಾಣದ ಜೊತೆಗೆ ಸರದ ಉದ್ದವನ್ನೂ ಅಳೆಯಿರಿ, ಕಿತ್ತ ದಿನವೇ ಒಮ್ಮೆ, ಶೀತಲಗೃಹದಿಂದ ತೆಗೆದಾಗ ಇನ್ನೊಮ್ಮೆ. ಗಿಡ ಚೆನ್ನಾಗಿ ಬರದಿದ್ದರೆ ಆ ಫಲಿತಾಂಶವನ್ನೂ ಹಾಗೇ ಪ್ರಕಟಿಸಿ.